ಕಾಲಿಗೆ ನೀರು

ಬೆಳಿಗ್ಗೆ ಹತ್ತೂವರೆ. ಡೊಂಬಿವಲಿಯ ಖಾಸಗಿ ಶಾಲೆಯೊಂದರ ವೇದಿಕೆಯ ಮೇಲೆ ಮಕ್ಕಳು, ತಮ್ಮನ್ನು ಹೆತ್ತವರಲ್ಲದವರ ಕಾಲು ತೊಳೆಯುತ್ತಿದ್ದರು.

"ಏ ಬಾಯಿ, ಬಕೆಟ್ ಆಚೆ ತೆಗಿ! ಫೋಟೋದಲ್ಲಿ ಬೀಳ್ತದೆ. ತಲೆಯಲ್ಲಿ ಸೆಗಣಿ ಉಂಟಾ?"

ಕೂಗಿದವನು ಶಾಲೆ ನಡೆಸುವ ಟ್ರಸ್ಟಿನ ಕಾರ್ಯದರ್ಶಿ ವಸಂತಕುಮಾರ. ಬಕೆಟ್ ಹಿಡಿದು ವೇದಿಕೆಯ ಮೆಟ್ಟಿಲಲ್ಲಿ ನಿಂತವಳು ಮಾನಮ್ಮ. ಅವಳ ಪಾಲಿಗೆ ಎರಡು ಬಕೆಟ್ ಬಂದಿದ್ದವು. ಒಂದರಲ್ಲಿ ಒಳ್ಳೆಯ ನೀರು; ಅದರಿಂದ ಮಕ್ಕಳ ಕೈಯ ಗಿಂಡಿಗಳಿಗೆ ತುಂಬಬೇಕು. ಇನ್ನೊಂದು ಖಾಲಿ, ಕಾಲು ತೊಳೆದ ನೀರನ್ನು ತಟ್ಟೆಗಳಿಂದ ಅದಕ್ಕೆ ಸುರಿದುಕೊಳ್ಳಬೇಕು. ಈಗ ಅದು ಅರ್ಧ ತುಂಬಿತ್ತು. ಮೇಲೆ ಅರಿಸಿನದ ಬಣ್ಣ, ಗುಲಾಬಿ ಎಸಳು.

"ಇದನ್ನ ಎಲ್ಲಿ ಚೆಲ್ಲಲ್ರಿ ಸಾಹೇಬ್ರ? ಹೊರಗ ತುಳಸಿ ಗಿಡ ಅದ, ಅದರ ಬುಡಕ್ಕ..."

"ತುಳಸಿಗಾ? ಕಾಲು ತೊಳೆದ ನೀರನ್ನು ತುಳಸಿಗೆ ಹಾಕ್ತಾರಾ, ಬೇವರ್ಸಿ? ಮೋರಿಗೆ ಹಾಕು."

ಅದು ಫೆಬ್ರವರಿ ಹದಿನಾಲ್ಕು. ಅಂದು ಸುತ್ತಲಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳು ತಾಯಿ ತಂದೆಯ ಪಾದಪೂಜೆ ಮಾಡುತ್ತಾರೆ. ಈ ಶಾಲೆಯ ಟ್ರಸ್ಟು ಅದಕ್ಕೊಂದು ತಿದ್ದುಪಡಿ ತಂದಿತ್ತು. ಫೀಸು ಕಟ್ಟಿಕೊಂಡು ಓದುವ ಮಕ್ಕಳು ತಮ್ಮ ತಮ್ಮ ತಾಯಿ ತಂದೆಯನ್ನು ಪೂಜಿಸಬಹುದು. ದಾನಿಗಳ ಹಣದಲ್ಲಿ ಓದುವ ಮಕ್ಕಳು ದಾನಿಗಳನ್ನು ಪೂಜಿಸಬೇಕು. ಅಂಥ ಮಕ್ಕಳನ್ನು ಹೆತ್ತವರಿಗೆ ಆ ದಿನ ‘ಸೇವೆ’. ಗಂಡಸರು ಕುರ್ಚಿ ಹೊರುವುದು, ಹೆಂಗಸರು ಈರುಳ್ಳಿ ಹೆಚ್ಚುವುದು, ನೀರು ಹೊರುವುದು.

ಮಾನಮ್ಮನ ಮಗಳು ಅನುಷ್ಕಾ ಎಂಟನೆಯ ತರಗತಿಯವರೆಗೆ ಓದಿದ್ದು ಕಾನೂನಿನ ಸೀಟಿನಲ್ಲಿ. ಬಡವರ ಮಕ್ಕಳಿಗೆಂದು ಸರ್ಕಾರ ಕಡ್ಡಾಯ ಮಾಡಿದ ಸೀಟು ಅದು. ಯಾರ ಹಂಗೂ ಇರಲಿಲ್ಲ. ಆ ಕಾನೂನು ಎಂಟಕ್ಕೆ ಮುಗಿಯುತ್ತದೆ. ಒಂಬತ್ತರಿಂದ ಟ್ರಸ್ಟಿನ ದಯೆ ಶುರು. ಆ ದಯೆ ವರ್ಷ ವರ್ಷವೂ ಹೊಸದಾಗಿ ಸಿಗಬೇಕು. ಅನುಷ್ಕಾ ಮುಂದಿನ ವರ್ಷ ಹತ್ತನೆಯ ತರಗತಿ. ಮಾನಮ್ಮ ಬಕೆಟ್ ಹಿಡಿದದ್ದು ಆ ಒಂದು ವರ್ಷಕ್ಕಾಗಿ.

ವೇದಿಕೆಯ ನಡುವಿನ ಕುರ್ಚಿಗಳಲ್ಲಿ ದೇವದಾಸ್, ಅವನ ಹೆಂಡತಿ ವಿಮಲಾ ಕೂತಿದ್ದರು. ದೇವದಾಸನಿಗೆ ಬೇಲಾಪುರದಲ್ಲಿ ದೊಡ್ಡ ಹೋಟೆಲು, ಠಾಣೆಯಲ್ಲಿ ಫ್ಲ್ಯಾಟು. ಅನುಷ್ಕಾ ಅವರ ಮುಂದೆ ಮಂಡಿಯೂರಿ ಕೂತಿದ್ದಳು. ಗಂಡನ ಕಾಲು ಮುಗಿದು ಹೆಂಡತಿಯ ಕಾಲಿನ ಸರದಿ ಬಂತು. ಹುಡುಗಿ ಕೈ ಚಾಚಿದ್ದೇ ವಿಮಲಾ ಪಾದಗಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಮುಟ್ಟುದು ಬೇಡ. ಮೇಲಿಂದ ನೀರು ಹಾಕಿದ್ರೆ ಸಾಕು. ಒರೆಸ್ಲಿಕ್ಕೆ ನನ್ನದೇ ಟವೆಲ್ ಉಂಟು."

ಮೆಲುದನಿಯಲ್ಲಿ ಹೇಳಿದ ಮಾತು. ಮುಂದಿನ ಸಾಲಿಗೆ ಕೇಳಿಸಲಿಲ್ಲ. ಮೆಟ್ಟಿಲಲ್ಲಿ ನಿಂತವಳಿಗೆ ಕೇಳಿಸಿತು. ಮಾನಮ್ಮನ ಜಾತಿ ವಿಮಲಾಳಿಗೆ ಗೊತ್ತಿತ್ತು. ಯಾವ ಮಗುವಿಗೆ ಫೀಸು ಕಟ್ಟಬೇಕೆಂದು ತೀರ್ಮಾನಿಸುವಾಗ ದಾನಿಗಳು ಮೊದಲು ಕೇಳುವುದು ಅದನ್ನೇ.

ಆಮೇಲೆ ದೇವದಾಸ್ ಮೈಕು ಹಿಡಿದ.

"ಈ ಹುಡುಗಿ ಇವತ್ತಿನಿಂದ ನಮ್ಮ ಮನೆ ಮಗಳು. ನಮಗೆ ಇರುವುದು ಒಬ್ಬನೇ ಮಗ, ಲತೀಶ್. ಹೆಣ್ಣುಮಕ್ಕಳಿಲ್ಲದ ಕೊರತೆ ದೇವರು ಇವತ್ತು ತುಂಬಿಸಿದ. ನಮ್ಮ ಮನೆ ಬಾಗಿಲು ಇವಳಿಗೆ ಯಾವಾಗಲೂ ತೆರೆದಿರ್ತದೆ."

ಚಪ್ಪಾಳೆ ಬಿತ್ತು. ಫೋಟೋದವನು ಆಶೀರ್ವಾದ ಮಾಡಿ ಎಂದ. ದೇವದಾಸ್ ಹುಡುಗಿಯ ತಲೆಯ ಮೇಲೆ ಕೈ ಹಿಡಿದ. ಕೈಗೂ ತಲೆಗೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು.

ಮಾನಮ್ಮ ಬಕೆಟ್ ಎತ್ತಿಕೊಂಡು ಮೋರಿಗೆ ಹೋದಳು.

*

ದಾನಿಗಳ ಊಟ ಮೊದಲು. ಪೂಜೆ ಮಾಡಿದ ಮಕ್ಕಳೂ ಅವರನ್ನು ಹೆತ್ತವರೂ ಹಿಂದಿನ ಮೆಟ್ಟಿಲುಗಳ ಮೇಲೆ ಕಾದರು. ಬಡಿಸಿ ದಣಿದ ಚನಿಯ ಸಾಂಬಾರಿನ ಬಕೆಟ್ ಕೆಳಗಿಟ್ಟು ಮಾನಮ್ಮನ ಪಕ್ಕ ಕೂತ. ಅವನು ದೇವದಾಸನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನು. ದೇವದಾಸನ ಊರಿನವನೇ, ಆದರೆ ಊರಿನಲ್ಲಿ ದೇವದಾಸನ ಅಂಗಳದಾಚೆ ನಿಲ್ಲುವ ಜನ. ಅವನ ಮಗಳು ರಮಿತಾ ಅನುಷ್ಕಾಳ ತರಗತಿಯವಳೇ. ಅವಳ ಪಾಲಿಗೆ ಬಂದಿದ್ದು ಕಾರ್ಯದರ್ಶಿ ವಸಂತಕುಮಾರನ ಕಾಲು, ಅವನ ಹೆಂಡತಿ ಉಮಾವತಿಯ ಕಾಲು. ಅವರೂ ಮೈಕಿನಲ್ಲಿ ‘ನಮ್ಮ ಮನೆ ಮಗಳು’ ಎಂದೇ ಹೇಳಿದ್ದರು.

"ಎಂತ ಮುಖ ಇದು? ಮಾತಾಡ್ಬೇಡ ಮಾರಾಯ್ತಿ," ಎಂದ ಚನಿಯ. "ಇನ್ನು ಒಂದು ವರ್ಷ. ಕಣ್ಣು ಮುಚ್ಚಿದ್ರೆ ಹತ್ತನೇ ಕ್ಲಾಸು ಮುಗೀತದೆ."

"ಕಣ್ಣು ಮುಚ್ಚಬಹುದು ಅಣ್ಣಾ. ಮೂಗು ಹ್ಯಾಂಗ ಮುಚ್ಚಲಿ? ಆ ಮನಷ್ಯಾನ ಕಾಲು ನಾತ ಹೊಡಿತಿತ್ತು."

ಚನಿಯ ನಗು ತಡೆಯಲು ಟವೆಲು ಬಾಯಿಗೊತ್ತಿಕೊಂಡ. ಮತ್ತೆ ಗಂಭೀರನಾದ.

"ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡ್ಸುದಿಲ್ಲ, ಗೊತ್ತುಂಟಾ? ಈ ದೇವದಾಸರ ಅಪ್ಪ ನಂಗೂ ಕೊಡ್ತಿದ್ದ. ತೆಂಗಿನ ಕರಟದಲ್ಲಿ. ಕುಡಿದ ಮೇಲೆ ಕರಟ ಬಿಸಾಡ್ಬೇಕು. ಅದಕ್ಕಿಂತ ಇದು ವಾಸಿ ಅಲ್ವಾ? ಮಕ್ಕಳು ಇಂಗ್ಲಿಷ್ ಮಾತಾಡ್ತಾರೆ."

ಅಷ್ಟರಲ್ಲಿ ವಿಮಲಾ ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ತಲೆಯಲ್ಲಿ ಕಾಣಿಸಿಕೊಂಡಳು. ಚನಿಯ ಎದ್ದು ನಿಂತ. ಮಾನಮ್ಮ ಏಳುವುದು ತುಸು ತಡವಾಯಿತು.

"ಆ ಹುಡುಗಿಯ ಅಮ್ಮ ನೀನಲ್ವಾ? ಕೇಳು. ನಮ್ಮ ಕೆಲಸದ ಬಾಯಿ ಊರಿಗೆ ಹೋಗಿದ್ದಾಳೆ. ಭಾನುವಾರದಿಂದ ನಿನ್ನ ಮಗಳನ್ನು ಮನೆಗೆ ಕಳಿಸು. ಪಾತ್ರೆ, ಕಸ, ಅಷ್ಟೆ. ಸಂಬಳದ ಮಾತು ಬೇಡ, ಹೇಗೂ ನಮ್ಮ ಮಗಳೇ ಅಲ್ವಾ."

"ಪರೀಕ್ಷಾ ಬಂದಾವ್ರಿ ಅವ್ವಾ."

"ಭಾನುವಾರ ಯಾವ ಪರೀಕ್ಷೆ? ಮುಂದಿನ ವರ್ಷದ ಫೀಸಿಗೆ ನಮ್ಮ ಸೈ ಬೇಕು, ನೆನಪಿರಲಿ. ಸರ್ವಿಸ್ ಲಿಫ್ಟಿನಲ್ಲಿ ಬರ್ಲಿಕ್ಕೆ ಹೇಳು."

ಅವಳು ಹೋದಳು. ಅನುಷ್ಕಾ ಎರಡು ಮೆಟ್ಟಿಲು ಕೆಳಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಂಗೈಯನ್ನು ಸ್ಕರ್ಟಿಗೆ ಉಜ್ಜುತ್ತಲೇ ಇದ್ದಳು. ಅರಿಸಿನ ಹೋಗುತ್ತಿರಲಿಲ್ಲ.

*

ಅವರಿದ್ದ ದಿವಾದ ಚಾಳಿನಲ್ಲಿ ಸಂಜೆ ನಳದ ನೀರು ಬಂದಿತ್ತು. ಮಾನಮ್ಮನ ಗಂಡ ಬಾಲಪ್ಪ ಕಾಲು ಚಾಚಿ ಕೂತು ಅವಳಿಂದ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಅವನೂ ಮಾನಮ್ಮನೂ ಯಾದಗಿರಿ ಕಡೆಯವರು. ಕಲ್ಯಾಣದಲ್ಲಿ ಕೂಲಿಯವರು ನೆರೆಯುವ ನಾಕಾದಲ್ಲಿ ಬೆಳಿಗ್ಗೆ ನಿಂತು, ಮುಕಾದಮ ಕರೆದ ಕಟ್ಟಡಕ್ಕೆ ಹೋಗಿ ಇಟ್ಟಿಗೆ ಹೊರುವವರು. ಇಂದು ಕೂಲಿ ಬಿಟ್ಟು ಶಾಲೆಯ ಕುರ್ಚಿ ಹೊತ್ತಿದ್ದ.

"ಹೋಗ್ಲಿ ಬಿಡು," ಎಂದ. "ಎರಡು ಭಾಂಡಿ ತಿಕ್ಕಿದ್ರ ಕೈ ಸವಿತಾವೇನು? ನಾವು ತಿಕ್ಕಿಲ್ಲೇನು?"

"ಭಾಂಡಿ ನಾ ತಿಕ್ಕತೀನಿ. ಪಗಾರ ಕೊಡು ಅಂತ ಕೇಳಿ ತಿಕ್ಕತೀನಿ. ಮಗಳು ಅಂತ ಕರದು ಪುಗಸಟ್ಟೆ ತಿಕ್ಕಸೂದು ಯಾವ ಊರಿನ ರೀತಿ? ಕಾಲು ಮುಟ್ಟಬ್ಯಾಡ ಅಂದಳು ಆ ಹಡಬಿ. ಮುಟ್ಟಬಾರದ ಮಗಳು ಮುಸುರಿ ಮುಟ್ಟಬಹುದೇನು?"

"ಮಮ್ಮಿ, ಜಾನೆ ದೋ ನಾ," ಎಂದಳು ಅನುಷ್ಕಾ ಪುಸ್ತಕದಿಂದ ತಲೆಯೆತ್ತದೆ. "ಮೈ ಜಾತೀ ಹೂಂ. ಏಕ್ ಸಾಲ್ ಕೀ ಬಾತ್ ಹೈ."

ಮಾನಮ್ಮ ಎಣ್ಣೆಯ ಕೈ ತಡೆದಳು. ಮಗಳನ್ನೇ ನೋಡಿದಳು. ಹೋಗುತ್ತೇನೆಂದ ದನಿಯಲ್ಲಿ ಅಳುವಿರಲಿಲ್ಲ. ಬೆಳಿಗ್ಗೆ ನಾಕಾದಲ್ಲಿ ನಿಂತ ಹೆಂಗಸರು ಮುಕಾದಮನಿಗೆ ‘ಬರತೀನ್ರಿ’ ಅನ್ನುವ ದನಿ ಅದು. ಅದೇ ಅವಳನ್ನು ಹೆದರಿಸಿತು.

"ಹೋಗೂದಾದ್ರ ಹೋಗು," ಎಂದಳು ಕೊನೆಗೆ. "ಮಗಳು ಅಂದಾರ, ಮಗಳ ಹಂಗ ಹೋಗು. ನಮ್ಮಲ್ಲಿ ಮಗಳನ್ನ ಮತ್ತೊಂದು ಮನಿಗೆ ಹ್ಯಾಂಗ ಕೊಡ್ತಾರ ಹೇಳು ನೋಡೋಣ?" ಕೇಳಿದ್ದು ಬಾಲಪ್ಪನನ್ನು.

ಬಾಲಪ್ಪ ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ. "ಐದು ಮಂದಿ ಹಿರಿಯರು ಬೇಕು. ಉಡಿ ತುಂಬಿ ಕರ್ಕೊಂಡು ಹೋಗಬೇಕು. ಆ ಮನಿಯಾಕಿ ಹೊಸ್ತಿಲದಾಗ ಕಾಲಿಗೆ ನೀರು ಕೊಡಬೇಕು, ತನ್ನ ಕೈಲೆ ಒಂದು ತುತ್ತು ಬಾಯಾಗ ಇಡಬೇಕು. ಯಾಕ?"

"ತುತ್ತು ಇಡಲಿಲ್ಲ ಅಂದ್ರ?"

"ಇಡಲಿಲ್ಲ ಅಂದ್ರ ಉಡಿ ಅಕ್ಕಿ ತಿರುಗಿ ತರೋದು. ಮಗಳು ನಮ್ಮಾಕಿ." ಹೇಳುತ್ತ ಹೇಳುತ್ತ ಅವನಿಗೆ ಅರ್ಥವಾಯಿತು. "ಏ ಹುಚ್ಚಿ! ಅವರು ಸಭಾದಾಗ ಅಂದ ಮಾತಿಗೆ ನೀ..."

"ಊರಾಗ ಐದು ಮಂದಿ ಮುಂದ ಆಡಿದ ಮಾತು ನಡೀತದ. ಇವರು ಐನೂರು ಮಂದಿ ಮುಂದ ಆಡ್ಯಾರ, ಮೈಕಿನ್ಯಾಗ."

"ಸೀಟು ಹೋಗ್ತದ ಮಾನಿ."

ಮಗಳು ಪುಸ್ತಕ ಮುಚ್ಚಿದ್ದಳು. ಹೊರಗೆ ನಳದ ಹತ್ತಿರ ಯಾರೋ ಯಾರ ಕೊಡವನ್ನೋ ಒದ್ದು ಬೈಗುಳ ಶುರುವಾಗಿತ್ತು.

"ಸೀರೆ ಪೆಹನೂಂ ಕ್ಯಾ?" ಎಂದು ಕೇಳಿದವಳು ಅನುಷ್ಕಾ.

*

ಭಾನುವಾರ ಅವರು ದಿವಾದಿಂದ ಲೋಕಲ್ ಹಿಡಿದು ಠಾಣೆಗೆ ಬಂದರು. ಅನುಷ್ಕಾ ತಾಯಿಯ ಹಸಿರು ಸೀರೆ ಉಟ್ಟಿದ್ದಳು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಎಲೆ ಅಡಿಕೆ. ಜೊತೆಗೆ ನಾಕಾದಲ್ಲಿ ದಿನಾ ಪಕ್ಕದಲ್ಲಿ ನಿಲ್ಲುವ ಐವರು. ಅವರಲ್ಲಿ ಹಿರಿಯ ಮುದುಕ ತಲೆಗೆ ಹೊಸ ಟವೆಲು ಸುತ್ತಿದ್ದ. ಮೈಮೇಲೆ ಸಿಮೆಂಟಿಲ್ಲದೆ ಅವರೆಲ್ಲ ಒಬ್ಬರಿಗೊಬ್ಬರು ನೆಂಟರಂತೆ ಕಂಡರು.

ಟವರಿನ ಗೇಟಿನಲ್ಲಿ ವಾಚ್‌ಮನ್ ಮನೆಗೆಲಸದವಳೆಂದುಕೊಂಡು ತಡೆದ. "ಕಾಮವಾಲೀ? ಸರ್ವಿಸ್ ಲಿಫ್ಟ್ ಪೀಛೇ ಸೇ."

"ಕಾಮವಾಲೀ ನಹೀ. ಸೇಠ್ ಕೀ ಲಡ್ಕೀ," ಎಂದಳು ಮಾನಮ್ಮ.

ಸೇಠನ ಮಗಳು ಎಂಬ ಮಾತಿಗೆ ವಾಚ್‌ಮನ್ ನಕ್ಕ. ಅನುಷ್ಕಾ ಫೋನು ತೆಗೆದು ಶಾಲೆಯ ಗ್ರೂಪಿಗೆ ಬಂದಿದ್ದ ಫೋಟೋ ತೋರಿಸಿದಳು: ದೇವದಾಸ್, ವಿಮಲಾ, ನಡುವೆ ಅವಳು, ತಲೆಯ ಮೇಲೆ ಕೈ. ವಾಚ್‌ಮನ್ ಫೋಟೋ ನೋಡಿದ, ಹುಡುಗಿಯನ್ನು ನೋಡಿದ, ಹಿಂದಿದ್ದ ಐವರನ್ನೂ ನೋಡಿದ. ದೊಡ್ಡವರ ಮನೆಯ ವಿಷಯ, ತನಗೇಕೆ ಎಂದುಕೊಂಡನೋ ಏನೋ, ಮುಂದಿನ ಲಿಫ್ಟಿನ ಗುಂಡಿ ಒತ್ತಿದ.

ಬಾಗಿಲು ತೆರೆದವಳು ವಿಮಲಾ. ಒಳಗೆ ನಾಲ್ಕಾರು ಟ್ರಸ್ಟಿಗಳು ತಿಂಡಿಗೆ ಕೂತಿದ್ದರು. ವಸಂತಕುಮಾರನೂ ಇದ್ದ.

"ಎಂತ ಇದು ದಿಬ್ಬಣ? ಹುಡುಗಿಯನ್ನು ಮಾತ್ರ ಕಳಿಸು ಅಂದದ್ದಲ್ವಾ ನಾನು?"

"ಮಗಳಂತ ಕರದ್ರಿ ಅವ್ವಾ. ಒಪ್ಪಸ್ಲಾಕ ಬಂದೀವಿ. ಇವರು ಐದು ಮಂದಿ ಸಾಕ್ಷಿ." ಮಾನಮ್ಮ ಹೊಸ್ತಿಲಿಗೆ ಒಂದು ಹೆಜ್ಜೆ ಹಿಂದೆ ನಿಂತಿದ್ದಳು. "ಮಗಳು ಬಂದಾಳ. ಕಾಲಿಗೆ ನೀರು ಕೊಡ್ರಿ."

ದೇವದಾಸ್ ಕೈ ತೊಳೆಯದೆಯೇ ಎದ್ದು ಬಂದ. "ಯಾವ ಒಪ್ಪಿಸುದು? ನಾವು ಕಟ್ಟುದು ಫೀಸು, ಅಷ್ಟೆ. ನಿಂಗೆ ಯಾರು ಹೇಳಿಕೊಟ್ಟದ್ದು ಇದನ್ನೆಲ್ಲ?"

"ನೀವೇ ಹೇಳಿದ್ರಿ ಅಪ್ಪಾ. ಮೈಕಿನ್ಯಾಗ ಫೀಸು ಅನ್ನಲಿಲ್ಲ, ಮಗಳು ಅಂದ್ರಿ. ಬಾಗಿಲು ತೆರದಿರ್ತದ ಅಂದ್ರಿ."

"ಅದು ಸಭೆಯಲ್ಲಿ ಹೇಳುವ ಮಾತು ಮಾರಾಯ್ತಿ!"

"ನಮ್ಮ ಕಡಿ ಸಭಾದಾಗ ಆಡಿದ್ದೇ ಮಾತು," ಎಂದ ಹಿರಿಯ ಮುದುಕ. "ಮನ್ಯಾಗ ಆಡೂದು ಗಂಡ ಹೆಂಡರ ಜಗಳ."

ಒಳಗೆ ಯಾರೋ ಕೆಮ್ಮಿದರು. ಎದುರಿನ ಫ್ಲ್ಯಾಟಿನ ಬಾಗಿಲು ಸ್ವಲ್ಪ ತೆರೆದುಕೊಂಡಿತು. ವಸಂತಕುಮಾರ ಚಮಚ ಕೈಯಲ್ಲಿ ಹಿಡಿದೇ ಧಾವಿಸಿ ಬಂದ.

"ಏ ಭಿಕಾರಿಗಳಾ, ಎಲ್ಲಿ ಬಂದು ನಿಂತಿದ್ದೀರಿ ಗೊತ್ತುಂಟಾ? ಪೊಲೀಸರನ್ನು ಕರೀಲಿಕ್ಕೆ ಒಂದು ಫೋನು ಸಾಕು. ಮುಂದಿನ ವರ್ಷದ ಸೀಟು ಮರೆತುಬಿಡು ನೀನು. ಈಗಲೇ ಇಳಿದು ಹೋದ್ರೆ ಯೋಚನೆ ಮಾಡುವ."

ಬಾಲಪ್ಪ ಮಾನಮ್ಮನ ಮೊಣಕೈ ಮುಟ್ಟಿದ. ಅವಳು ಕದಲಲಿಲ್ಲ.

"ಕರೀರಿ. ಪೊಲೀಸರ ಮುಂದೂ ಇದೇ ಹೇಳ್ತೀನಿ. ಮಗಳನ್ನ ಕೊಟ್ಟೀವಿ, ಮನಿಯವ್ರು ನೀರು ಕೊಡವಲ್ಲರು."

ಎದುರಿನ ಬಾಗಿಲಿನಲ್ಲಿ ಈಗ ಇಬ್ಬರು ನಿಂತಿದ್ದರು. ಒಬ್ಬಳ ಕೈಯಲ್ಲಿ ಫೋನಿತ್ತು. ದೇವದಾಸ್ ಅದನ್ನು ನೋಡಿದ. ನಗು ತಂದುಕೊಂಡು ಹೆಂಡತಿಗೆ ತುಳುವಿನಲ್ಲಿ ಏನೋ ಹೇಳಿದ. ವಿಮಲಾ ಒಳಗೆ ಹೋಗಿ ಕಾಗದದ ತಟ್ಟೆಯಲ್ಲಿ ಶಿರಾ ಹಾಕಿಕೊಂಡು ಬಂದಳು. ಮೇಲೊಂದು ಪ್ಲಾಸ್ಟಿಕ್ ಚಮಚ. ಒಳಗೆ ಟ್ರಸ್ಟಿಗಳು ಸ್ಟೀಲಿನ ತಟ್ಟೆಯಲ್ಲಿ ತಿನ್ನುತ್ತಿದ್ದುದು ಹೊಸ್ತಿಲಿಂದಲೇ ಕಾಣುತ್ತಿತ್ತು.

"ತಗೋ ಪುಟ್ಟಿ. ತಿಂದು ಹೋಗು. ಆಯ್ತಲ್ಲ ಈಗ?"

"ಚಮಚ ಬ್ಯಾಡ್ರಿ," ಎಂದಳು ಮಾನಮ್ಮ. "ಕೈಲೆ ಇಡ್ರಿ. ಒಂದೇ ತುತ್ತು. ನೀವು ಒಂದು ತುತ್ತು ಇಟ್ರ ನಾ ಇಕಿನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಭಾಂಡಿ ತಿಕ್ಕಲಿ, ಕಸ ಹೊಡೀಲಿ. ಮಗಳು ಮನೀ ಕೆಲಸ ಮಾಡಿದ್ರ ಯಾರೂ ಏನೂ ಅನ್ನಂಗಿಲ್ಲ."

ಅವಳು ಬಿಟ್ಟೇ ಹೋಗುವವಳು ಎಂದು ಬಾಲಪ್ಪನಿಗೆ ಗೊತ್ತಿತ್ತು.

ಎಲ್ಲರೂ ವಿಮಲಾಳ ಕೈ ನೋಡುತ್ತಿದ್ದರು. ಗಂಡ ಕಣ್ಣಿನಲ್ಲೇ ಇಡು ಎಂದ. ಅವಳ ಬೆರಳು ಶಿರಾದವರೆಗೆ ಹೋದವು. ಒಂದಿಷ್ಟು ಎತ್ತಿಕೊಂಡವು. ಹುಡುಗಿಯ ಬಾಯಿಯವರೆಗೆ ಬಂದು ನಿಂತವು. ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಆ ಜಾಗವನ್ನು ದಾಟಲು ಆ ಕೈಗೆ ಆಗಲಿಲ್ಲ.

ಅನುಷ್ಕಾ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ, ಈಗ ವಿಮಲಾಳ ಕನ್ನಡದಲ್ಲೇ, ವಿಮಲಾಳ ರಾಗದಲ್ಲೇ ಹೇಳಿದಳು:

"ಮುಟ್ಟುದು ಬೇಡ ಆಂಟಿ."

ವಿಮಲಾಳ ಕೈಯಿಂದ ತುತ್ತು ಹೊಸ್ತಿಲ ಮೇಲೆ ಬಿತ್ತು.

ಮಾನಮ್ಮ ಮಗಳ ಎದುರು ನಿಂತು ಸೆರಗು ಒಡ್ಡಿದಳು. ಅನುಷ್ಕಾ ಉಡಿಯ ಗಂಟು ಬಿಚ್ಚಿ ಅಕ್ಕಿ, ಕೊಬ್ಬರಿ, ಅರಿಸಿನ ಎಲ್ಲವನ್ನೂ ತಾಯಿಯ ಸೆರಗಿಗೆ ಸುರಿದಳು.

"ಐದು ಮಂದಿ ನೋಡಿದ್ರಲ್ಲ?" ಎಂದಳು ಮಾನಮ್ಮ.

"ನೋಡಿದೆವು," ಎಂದ ಮುದುಕ. "ಮಗಳು ನಿನ್ನಾಕಿ."

ಇಳಿಯುವಾಗ ಲಿಫ್ಟಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ಅನುಷ್ಕಾ ಸೀರೆಯ ನೆರಿಗೆ ಸರಿಪಡಿಸಿಕೊಂಡಳು. ಆ ಮಧ್ಯಾಹ್ನ ದಿವಾದಲ್ಲಿ ಉಡಿಯ ಅಕ್ಕಿಯಿಂದಲೇ ಅನ್ನ ಮಾಡಿ ಎಲ್ಲರೂ ಉಂಡರು. ಬಾಲಪ್ಪ ಮಾತ್ರ ಅರ್ಧಕ್ಕೇ ಎದ್ದ.

*

ಆ ವಾರವೇ ಟ್ರಸ್ಟಿನ ಸಭೆ ನಡೆಯಿತು. ಅಶಿಸ್ತಿನ ಕಾರಣಕ್ಕೆ ಅನುಷ್ಕಾಳ ನೆರವನ್ನು ನಿಲ್ಲಿಸಲಾಗಿದೆ, ಹತ್ತನೆಯ ತರಗತಿಗೆ ಪೂರ್ತಿ ಫೀಸು ಕಟ್ಟಬೇಕು, ಇಲ್ಲವೇ ಬೇರೆ ಶಾಲೆ ನೋಡಿಕೊಳ್ಳಬೇಕು ಎಂದು ವಸಂತಕುಮಾರ ಗೇಟಿನಲ್ಲೇ ನಿಂತು ಬಾಲಪ್ಪನಿಗೆ ತಿಳಿಸಿದ. ಹೊರಗಿನಿಂದ ಪರೀಕ್ಷೆಗೆ ಕೂಡುವ ದಾರಿ ಯಾವುದೆಂದು ಅನುಷ್ಕಾ ಅವರಿವರನ್ನು ಕೇಳತೊಡಗಿದಳು. ಮಾನಮ್ಮ ನಾಕಾದ ಜೊತೆಗೆ ಸಂಜೆ ಎರಡು ಮನೆಗಳ ಪಾತ್ರೆ ಹಿಡಿದಳು, ಸಂಬಳ ಮೊದಲೇ ಗೊತ್ತುಮಾಡಿಕೊಂಡು.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕಲ್ಯಾಣದಲ್ಲಿ ವಸಂತಕುಮಾರನ ಮನೆಯ ಕರೆಗಂಟೆ ಸದ್ದಾಯಿತು. ಉಮಾವತಿ ಬಾಗಿಲು ತೆಗೆದಳು. ಹೊರಗೆ ಚನಿಯ, ಮಗಳು ರಮಿತಾಳ ಕೈ ಹಿಡಿದು ನಿಂತಿದ್ದ. ಅವನ ಹಿಂದೆ ಐದು ಜನ ಇದ್ದರು.